ಅಂಗೈ ಯಂತ್ರಕ್ಕೆ ಎಷ್ಟು ಗಾಳಿ?

"ಓವರ್‌ಕ್ಲಾಕ್ ಮಾಡಿದೀನಿ ಸಾರ್, ಫ್ಯಾನ್ ಎಷ್ಟರಲ್ಲಿ ಇಡ್ಲಿ?" ಎಂದು ಕೇಳುವ ಹುಡುಗರು ಈಗ ಹಾಸನದಲ್ಲಷ್ಟೇ ಅಲ್ಲ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳಲ್ಲೂ ಸಿಗುತ್ತಾರೆ. ಹೆಚ್ಚು ಜನ ಆಡುವುದು ಮೊಬೈಲಿನಲ್ಲೇ, ನಿಜ. ಆದರೆ ಅಮೆರಿಕದಿಂದ ಬಂದ ಅಣ್ಣ ತಂದುಕೊಟ್ಟ ಸ್ಟೀಮ್ ಡೆಕ್ಕೋ, ಬೆಂಗಳೂರಿನ ಎಸ್‌.ಪಿ. ರಸ್ತೆಯಿಂದ ಕೈಬದಲಾಗಿ ಬಂದ ನಿಂಟೆಂಡೊ ಸ್ವಿಚ್ಚೋ, ಅಂಗಡಿಯಲ್ಲೇ ಕೊಂಡ ರೋಗ್ ಅಲೈಯೋ ಕೆಲವರ ಬ್ಯಾಗಿನಲ್ಲಿ ಇದ್ದೇ ಇದೆ. ಕಂಪನಿ ಕೊಟ್ಟ ವೇಗ ಇವರಿಗೆ ಸಾಲದು. ಹೆಚ್ಚಿಸುತ್ತಾರೆ. ಹೆಚ್ಚಿಸಿದ ಮೇಲೆ ಯಂತ್ರ ಕಾಯುತ್ತದೆ, ಫ್ಯಾನು ಕೂಗುತ್ತದೆ, ಆಟ ನಡುನಡುವೆ ತಡವರಿಸುತ್ತದೆ. ಆಮೇಲೆ ಈ ಪ್ರಶ್ನೆ.

ಪ್ರಶ್ನೆಗೆ ಒಂದು ಸಂಖ್ಯೆಯ ಉತ್ತರ ಕೊಟ್ಟುಬಿಡಬಹುದು. ಬಹಳ ಜನ ಕೊಡುತ್ತಾರೆ. ಆದರೆ ಈ ವಿಷಯದಲ್ಲಿ ಇದುವರೆಗೆ ಆಗಿರುವುದನ್ನೆಲ್ಲ ಹರಡಿಕೊಂಡು ನೋಡಿದರೆ ನನಗೆ ಅನ್ನಿಸುವುದು ಬೇರೆ. ಫ್ಯಾನು ಕೊನೆಯ ಉಪಾಯ, ಮೊದಲನೆಯದಲ್ಲ. ಅದನ್ನು ಬಳಸಲೇಬೇಕಾದಾಗಲೂ ಜೋರು ಮಾಡುವುದಕ್ಕಿಂತ ನಿಧಾನವಾಗಿ ಏರಿಸಿ ಇಳಿಸುವುದೇ ದೊಡ್ಡ ಕೆಲಸ.

ಮೊದಲು ಶಾಖ ಎಲ್ಲಿಂದ ಬರುತ್ತದೆ ನೋಡೋಣ. ಚಿಪ್ಪಿನೊಳಗೆ ಕೋಟ್ಯಂತರ ಸ್ವಿಚ್ಚುಗಳು ಸೆಕೆಂಡಿಗೆ ನೂರಾರು ಕೋಟಿ ಸಲ ಹಾಕಿ ಆರಿಸಿದಂತೆ ಕೆಲಸ ಮಾಡುತ್ತವೆ. ಪ್ರತಿ ಸಲವೂ ಚೂರು ವಿದ್ಯುತ್ತು ಶಾಖವಾಗುತ್ತದೆ. ವೇಗ ಹೆಚ್ಚಿಸಿದಷ್ಟೇ ಪ್ರಮಾಣದಲ್ಲಿ ಶಾಖವೂ ಹೆಚ್ಚಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ತೊಂದರೆ ಇರುವುದು ವೋಲ್ಟೇಜಿನಲ್ಲಿ. ಹೆಚ್ಚಿನ ವೇಗದಲ್ಲಿ ಚಿಪ್ಪು ತಪ್ಪಿಲ್ಲದೆ ನಡೆಯಬೇಕಾದರೆ ವೋಲ್ಟೇಜನ್ನೂ ಏರಿಸಬೇಕು, ಮತ್ತು ಶಾಖ ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ವೇಗ ನೂರಕ್ಕೆ 20ರಷ್ಟು, ವೋಲ್ಟೇಜು ನೂರಕ್ಕೆ 10ರಷ್ಟು ಹೆಚ್ಚಿಸಿದಿರಿ ಅನ್ನಿ. 1.2ನ್ನು 1.1ರ ವರ್ಗದಿಂದ ಗುಣಿಸಿದರೆ 1.45. ಆಟಕ್ಕೆ ಸಿಕ್ಕಿದ್ದು ಹೆಚ್ಚೆಂದರೆ ನೂರಕ್ಕೆ 20, ಅಂಗೈಗೆ ಸಿಕ್ಕಿದ್ದು 45. ಇಲ್ಲಿ ಇನ್ನೊಂದು ಬಾಗಿಲೂ ತೆರೆಯುತ್ತದೆ: ವೇಗ ಹಾಗೇ ಇಟ್ಟು ವೋಲ್ಟೇಜು ಮಾತ್ರ ಸ್ವಲ್ಪ ಇಳಿಸಿದರೆ ಲಾಭವೂ ವರ್ಗದ ಲೆಕ್ಕದಲ್ಲೇ ಬರುತ್ತದೆ. ಓವರ್‌ಕ್ಲಾಕ್ ಮಾಡುವವರಲ್ಲಿ ಪಳಗಿದವರು ಮೊದಲು ಕೈಹಾಕುವುದು ಇದಕ್ಕೆ.

ಅಂಗೈ ಯಂತ್ರಗಳಿಗೆ ಫ್ಯಾನು ಬಂದಿದ್ದೇ ಈಚೆಗೆ. ಜಾತ್ರೆಗಳಲ್ಲಿ ಮಾರುತ್ತಿದ್ದ, ಮೇಲೆ 9999 ಆಟ ಎಂದು ಬರೆದ ಬ್ರಿಕ್ ಗೇಮ್ ಎಷ್ಟು ಹೊತ್ತು ಆಡಿದರೂ ತಣ್ಣಗೇ ಇರುತ್ತಿತ್ತು. 1989ರ ಗೇಮ್ ಬಾಯ್ ನಾಲ್ಕು ಪೆನ್ ಸೆಲ್ಲಿನಲ್ಲಿ ಓಡುತ್ತಿತ್ತು, ಒಂದು ವ್ಯಾಟ್ ಕೂಡ ತಿನ್ನುತ್ತಿರಲಿಲ್ಲ. 2004ರ ಕೊನೆಯಲ್ಲಿ ಜಪಾನಿನಲ್ಲಿ ಬಂದ ಸೋನಿ ಪಿಎಸ್‌ಪಿಗೂ ಫ್ಯಾನಿರಲಿಲ್ಲ. ಅದರ ಪ್ರೊಸೆಸರು 333 ಮೆಗಾಹರ್ಟ್ಸ್‌ಗೆ ತಯಾರಾದದ್ದು. ಆದರೆ ಸೋನಿ ಅದನ್ನು 222ಕ್ಕೆ ಕಟ್ಟಿಹಾಕಿತ್ತು. ಬೀಗ ಮುರಿದವರು ತಮ್ಮಷ್ಟಕ್ಕೆ 333ರಲ್ಲಿ ಆಡುತ್ತಿದ್ದರು; 2007ರಲ್ಲಿ ಕಂಪನಿಯೇ ಕಟ್ಟು ಬಿಚ್ಚಿತು. ಅಂದರೆ ಓವರ್‌ಕ್ಲಾಕ್ ಎಂದು ನಾವು ಕರೆಯುವುದರಲ್ಲಿ ಎಷ್ಟೋ ಸಲ ಚಿಪ್ಪಿನ ಮಿತಿ ದಾಟುವ ಸಾಹಸವೇನೂ ಇರುವುದಿಲ್ಲ. ಬ್ಯಾಟರಿ ಬಾಳಲಿ, ಕೈ ಸುಡದಿರಲಿ ಎಂದು ಕಂಪನಿ ಹಾಕಿದ ಬೇಲಿಯನ್ನು ಸರಿಸುವುದಷ್ಟೇ ಇರುತ್ತದೆ.

2017ರ ಮಾರ್ಚಿನಲ್ಲಿ ಬಂದ ಸ್ವಿಚ್‌ನಲ್ಲಿ ಫ್ಯಾನು ಇತ್ತು. ಕೈಯಲ್ಲಿ ಹಿಡಿದಾಗ ಒಂದು ವೇಗ, ಟಿವಿಗೆ ಜೋಡಿಸುವ ಡಾಕ್‌ನಲ್ಲಿ ಕೂರಿಸಿದಾಗ ಇನ್ನೊಂದು. ಗ್ರಾಫಿಕ್ಸ್ ಭಾಗ ಕೈಯಲ್ಲಿದ್ದಾಗ 307ರಿಂದ 460 ಮೆಗಾಹರ್ಟ್ಸ್ ನಡುವೆ, ಡಾಕ್‌ನಲ್ಲಿ 768. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ 2019ರ ಏಪ್ರಿಲ್‌ನದು. ಆಟ ಲೋಡ್ ಆಗುವ ಹೊತ್ತಿನಲ್ಲಿ ಮಾತ್ರ ಪ್ರೊಸೆಸರನ್ನು 1020ರಿಂದ 1785ಕ್ಕೆ ಏರಿಸುವ ವ್ಯವಸ್ಥೆಯನ್ನು ನಿಂಟೆಂಡೊ ತಾನೇ ತಂದಿತು. ಏರಿಸುವಾಗ ಗ್ರಾಫಿಕ್ಸ್ ಭಾಗವನ್ನು 76.8ಕ್ಕೆ ಇಳಿಸಿತು. ಲೋಡಿಂಗ್ ಪರದೆಯಲ್ಲಿ ಚಿತ್ರ ಬಿಡಿಸುವ ಕೆಲಸ ಏನಿದೆ? ಒಂದು ಕಡೆ ಕೊಟ್ಟಿದ್ದನ್ನು ಇನ್ನೊಂದು ಕಡೆ ಕಿತ್ತುಕೊಂಡು ಶಾಖದ ಲೆಕ್ಕವನ್ನು ಸರಿದೂಗಿಸಿದರು. ಫ್ಯಾನಿನ ಮೇಲೆ ಹೊರೆ ಹಾಕಲಿಲ್ಲ.

ಆಮೇಲೆ 2022ರ ಫೆಬ್ರವರಿಯ ಸ್ಟೀಮ್ ಡೆಕ್, 2023ರ ರೋಗ್ ಅಲೈ. ಇವು ಹೆಸರಿಗೆ ಆಟದ ಯಂತ್ರ, ಒಳಗೆ ಪೂರ್ತಿ ಕಂಪ್ಯೂಟರು. ಡೆಕ್‌ನ ಚಿಪ್ಪು 4ರಿಂದ 15 ವ್ಯಾಟ್ ಎಳೆಯುತ್ತದೆ. ಅಲೈ ಚಾರ್ಜರಿಗೆ ಸಿಕ್ಕಿಸಿದರೆ 30ಕ್ಕೆ ಹೋಗುತ್ತದೆ, ಅದಕ್ಕೆ ಎರಡು ಫ್ಯಾನು. ಡೆಕ್ ಬಂದ ಹೊಸದರಲ್ಲಿ ದೂರು ಕೇಳಿಬಂದದ್ದು ಬಿಸಿಯ ಬಗ್ಗೆ ಅಲ್ಲ, ಫ್ಯಾನಿನ ಕೀರಲು ದನಿಯ ಬಗ್ಗೆ. ಅದೇ ವರ್ಷದ ಮೇ ತಿಂಗಳಲ್ಲಿ ಸ್ಟೀಮ್ಓಎಸ್ 3.2 ಬಂದು ಫ್ಯಾನಿನ ನಿಯಂತ್ರಣವನ್ನು ಆಪರೇಟಿಂಗ್ ಸಿಸ್ಟಮ್ಮಿನ ಕೈಗೆ ಕೊಟ್ಟಿತು. ಯಂತ್ರ ಹಳೆಯದೇ, ಫ್ಯಾನು ಹಳೆಯದೇ, ಬದಲಾದದ್ದು ನಾಲ್ಕು ಸಾಲು ಲೆಕ್ಕ. ಸದ್ದು ಎದ್ದು ಕಾಣುವಷ್ಟು ತಗ್ಗಿತು.

ಆ ಲೆಕ್ಕ ಏನು ಎಂದು ತಿಳಿಯಬೇಕಾದರೆ ನಮ್ಮ ಮನೆಯ ಸೀಲಿಂಗ್ ಫ್ಯಾನಿನಿಂದಲೇ ಹೊರಡಬಹುದು. ಹಳೆಯ ದಪ್ಪ ರೆಗ್ಯುಲೇಟರನ್ನು ಒಂದಕ್ಕೆ ತಿರುಗಿಸಿದರೆ ಫ್ಯಾನು ನಿಧಾನವಾಗುತ್ತಿತ್ತು, ರೆಗ್ಯುಲೇಟರು ಬಿಸಿಯಾಗುತ್ತಿತ್ತು. ತಡೆಹಿಡಿದ ವಿದ್ಯುತ್ತೆಲ್ಲ ಆ ಡಬ್ಬಿಯಲ್ಲೇ ಶಾಖವಾಗುತ್ತಿತ್ತು. ಅಂಗೈ ಯಂತ್ರದ ಫ್ಯಾನು ಬಿಎಲ್‌ಡಿಸಿ ಜಾತಿಯದು, ಈಗ ರಿಮೋಟಿನೊಡನೆ ಮಾರುವ ಹೊಸ ಸೀಲಿಂಗ್ ಫ್ಯಾನಿನ ದಾಯಾದಿ. ಅದಕ್ಕೆ ವೇಗ ಹೇಳುವುದು ತಡೆಹಿಡಿದು ಅಲ್ಲ, ಕೊಟ್ಟು ನಿಲ್ಲಿಸಿ ಕೊಟ್ಟು ನಿಲ್ಲಿಸಿ. ನಾಲ್ಕು ತಂತಿಯ ಫ್ಯಾನಿನಲ್ಲಿ ಈ ಸಂಕೇತ ಸಾಮಾನ್ಯವಾಗಿ ಸೆಕೆಂಡಿಗೆ 25,000 ಸಲ ಬರುತ್ತದೆ. ಕಿವಿಗೆ ಕೇಳುವ ಮಿತಿಗಿಂತ ಮೇಲೆ, ಹಾಗಾಗಿ ಗುಂಯ್‌ಗುಡುವುದಿಲ್ಲ. ಇನ್ನೊಂದು ತಂತಿಯಲ್ಲಿ ಫ್ಯಾನು ತನ್ನ ಲೆಕ್ಕ ಒಪ್ಪಿಸುತ್ತದೆ: ಒಂದು ಸುತ್ತಿಗೆ ಎರಡು ಮಿಡಿತ. ಸ್ಟೀಮ್ಓಎಸ್‌ಗೆ ತಳಹದಿಯಾದ ಲಿನಕ್ಸ್‌ನಲ್ಲಿ ಈ ವ್ಯವಹಾರವೆಲ್ಲ ಸಣ್ಣ ಸಣ್ಣ ಕಡತಗಳಾಗಿ ಕಾಣುತ್ತದೆ. 65 ಡಿಗ್ರಿ ಎಂಬುದು 65000 ಎಂದು ಬರೆದಿರುತ್ತದೆ, ಫ್ಯಾನಿನ ಪ್ರಮಾಣ 0ರಿಂದ 255ರ ನಡುವಿನ ಒಂದು ಅಂಕಿ. ಕುತೂಹಲವಿರುವ ಡಿಪ್ಲೊಮಾ ಹುಡುಗನಿಗೆ ನಿಯಂತ್ರಣಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಸಿಗಲಿಕ್ಕಿಲ್ಲ.

ಈಗ ಫ್ಯಾನಿನ ನಿಯಮಗಳು, ಇವು ಕಾರ್ಖಾನೆಯ ಬ್ಲೋವರಿಗೂ ಒಂದೇ, ರೂಪಾಯಿ ನಾಣ್ಯದಷ್ಟಗಲದ ಫ್ಯಾನಿಗೂ ಒಂದೇ. ಸುತ್ತು ಎರಡು ಪಟ್ಟಾದರೆ ಗಾಳಿ ಎರಡು ಪಟ್ಟು, ಒತ್ತಡ ನಾಲ್ಕು ಪಟ್ಟು, ತಿನ್ನುವ ವಿದ್ಯುತ್ತು ಎಂಟು ಪಟ್ಟು. ಸದ್ದು ಸುಮಾರು 15 ಡೆಸಿಬೆಲ್ ಏರುತ್ತದೆ. ಒಂದೂವರೆ ಪಟ್ಟು ಮಾಡಿದರೂ ಹತ್ತಿರ ಹತ್ತಿರ 9 ಡೆಸಿಬೆಲ್, ಕಿವಿಗೆ ಅದು ಎರಡರಷ್ಟು ಗಲಾಟೆ. ಇಷ್ಟು ಕೊಟ್ಟು ಪಡೆಯುವುದೇನು? ಕೋಣೆ 30 ಡಿಗ್ರಿ, ಚಿಪ್ಪು 15 ವ್ಯಾಟಿನಲ್ಲಿ 80 ಡಿಗ್ರಿ ಎಂದಿಟ್ಟುಕೊಳ್ಳಿ. ನಡುವಿನ 50 ಡಿಗ್ರಿಯಲ್ಲಿ 20 ಡಿಗ್ರಿ ಚಿಪ್ಪಿನಿಂದ ಶಾಖ ದಾಟಿಸುವ ಪೇಸ್ಟು, ತಾಮ್ರದ ಕೊಳವೆ ದಾಟಿ ಗಾಳಿಗೆ ಮೈಯೊಡ್ಡಿದ ತೆಳು ಲೋಹದ ರೆಕ್ಕೆಗಳಿಗೆ ಬರುವುದರಲ್ಲಿ ಹೋಗುತ್ತದೆ. 30 ಡಿಗ್ರಿ ರೆಕ್ಕೆಗಳಿಂದ ಗಾಳಿಗೆ. ಫ್ಯಾನು ಮುಟ್ಟುವುದು ಈ ಎರಡನೆಯ ಪಾಲನ್ನು ಮಾತ್ರ. ಅದನ್ನು ಒಂದೂವರೆ ಪಟ್ಟು ಓಡಿಸಿದರೆ ಇಳಿಯುವುದು ಆರೇಳು ಡಿಗ್ರಿ. ಅದರ ಬದಲು ವಿದ್ಯುತ್ತಿನ ಮಿತಿಯನ್ನು 15ರಿಂದ 12 ವ್ಯಾಟಿಗೆ ತಂದರೆ ಪೂರ್ತಿ 50ರಲ್ಲಿ ಐದನೇ ಒಂದು ಪಾಲು, ಅಂದರೆ 10 ಡಿಗ್ರಿ ಇಳಿಯುತ್ತದೆ. ಸದ್ದಿಲ್ಲ, ಬ್ಯಾಟರಿಯೂ ಉಳಿಯುತ್ತದೆ. ಅಂಕಿಗಳು ಯಂತ್ರದಿಂದ ಯಂತ್ರಕ್ಕೆ ಬದಲಾದಾವು, ಒಲವು ಬದಲಾಗದು.

ಇನ್ನು ನಿಯಂತ್ರಣದ ಬಗೆ. ಅತಿ ಸರಳವಾದದ್ದು ಹಾಕು–ಆರಿಸು: 60 ದಾಟಿದರೆ ಓಡು, ಇಳಿದರೆ ನಿಲ್ಲು. ಇದರ ಕಾಟ ಅನುಭವಿಸಿದವರಿಗೇ ಗೊತ್ತು. ಆಟದ ನಡುವೆ ಮೆನು ತೆಗೆಯುತ್ತೀರಿ, ಕೆಲಸ ಕಡಿಮೆಯಾಗಿ ಚಿಪ್ಪು ಎರಡೇ ಸೆಕೆಂಡಿನಲ್ಲಿ ಎಂಟ್ಹತ್ತು ಡಿಗ್ರಿ ಇಳಿಯುತ್ತದೆ, ಫ್ಯಾನು ಸುಮ್ಮನಾಗುತ್ತದೆ. ಮೆನು ಮುಚ್ಚಿದೊಡನೆ ಮತ್ತೆ ಅರಚುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವ ಸದ್ದನ್ನು ಮರೆಯುವುದಿಲ್ಲ. ಹಾಗಾಗಿ ಏರುವಾಗ ಒಂದು ಗಡಿ, ಇಳಿಯುವಾಗ ಅದಕ್ಕಿಂತ ಐದಾರು ಡಿಗ್ರಿ ಕೆಳಗೆ ಇನ್ನೊಂದು ಗಡಿ ಇಡುತ್ತಾರೆ. ಕ್ಷಣದ ಉಷ್ಣಾಂಶ ನೋಡುವ ಬದಲು ಹಿಂದಿನ ಹತ್ತಿಪ್ಪತ್ತು ಸೆಕೆಂಡಿನ ಸರಾಸರಿ ನೋಡುತ್ತಾರೆ. ಏಕೆಂದರೆ ಚಿಪ್ಪು ಚಂಚಲ, ತಾಮ್ರ ಮತ್ತು ರೆಕ್ಕೆಗಳು ಸಾವಧಾನಿಗಳು. ಫ್ಯಾನು ತಣಿಸುವುದು ರೆಕ್ಕೆಯನ್ನೇ ಹೊರತು ಚಿಪ್ಪನ್ನಲ್ಲ. ಗೆರೆ ಎಳೆದು ಇಷ್ಟು ಡಿಗ್ರಿಗೆ ಇಷ್ಟು ವೇಗ ಎನ್ನುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದರ ಮೇಲಿನದು ಪಿಐಡಿ: ಗುರಿಯಿಂದ ಈಗ ಎಷ್ಟು ದೂರ, ಎಷ್ಟು ಹೊತ್ತಿನಿಂದ ದೂರ, ಎಷ್ಟು ಬೇಗ ದೂರವಾಗುತ್ತಿದೆ, ಮೂರನ್ನೂ ತೂಗುವ ಲೆಕ್ಕ. 1922ರಲ್ಲಿ ನಿಕೊಲಸ್ ಮಿನಾರ್ಸ್ಕಿ ಹಡಗಿನ ಚುಕ್ಕಾಣಿಗಾಗಿ ಬರೆದದ್ದು ಇವತ್ತಿಗೂ ನಡೆಯುತ್ತಿದೆ. ಆದರೆ ಅಂಗೈ ಯಂತ್ರಕ್ಕೆ ಇದು ಅಷ್ಟೇನೂ ಒಗ್ಗುವುದಿಲ್ಲ ಎಂಬುದು ನನ್ನ ಅನಿಸಿಕೆ. ಪಿಐಡಿ ಒಂದು ಗುರಿಯನ್ನು ಬಿಗಿಯಾಗಿ ಹಿಡಿಯಲು ಹೆಣಗುತ್ತದೆ. ನಮಗೆ ಚಿಪ್ಪು 70ರಲ್ಲಿದ್ದರೇನು 78ರಲ್ಲಿದ್ದರೇನು? ತಾನಾಗಿ ವೇಗ ತಗ್ಗಿಸಿಕೊಳ್ಳುವ ಮಿತಿ ಇನ್ನೂ ಮೇಲಿರುತ್ತದೆ. ಸೋಮಾರಿ ಗೆರೆಯೇ ಇಲ್ಲಿ ಜಾಣ ಗೆರೆ.

ಶಾಖವನ್ನು ಅವಸರವಿಲ್ಲದೆ ಆಳುವ ವಿದ್ಯೆಯನ್ನು ಈ ಸೀಮೆಯವರಿಗೆ ಹೊರಗಿನವರು ಕಲಿಸಬೇಕಿಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುತ್ತಾರೆ, ಅಲ್ಲೇ ಹರಾಜು ಮಾರುಕಟ್ಟೆಯೂ ಇದೆ. ಸೊಪ್ಪನ್ನು ಕಡ್ಡಿಗೆ ಕಟ್ಟಿ ಹದ ಮಾಡುವ ಬ್ಯಾರನ್ ಮನೆಗೆ ಏರಿಸಿ ಐದಾರು ದಿನ ಬೇಯಿಸುತ್ತಾರೆ. ಮೊದಲ ಹಂತದಲ್ಲಿ ಮೂವತ್ತೈದು ನಲವತ್ತು ಡಿಗ್ರಿಯ ಆಸುಪಾಸು, ಎಲೆ ಹಳದಿಗೆ ತಿರುಗುವವರೆಗೆ. ಆಮೇಲೆ ಎಲೆ ಒಣಗಲು ಐವತ್ತರ ಮೇಲೆ. ಕೊನೆಗೆ ನಡುದಂಟು ಒಣಗಲು ಎಪ್ಪತ್ತರ ಹತ್ತಿರ. ಉರಿ ಒಂದು ಕೈಯಲ್ಲಿ, ಗಾಳಿಕಿಂಡಿ ಇನ್ನೊಂದು ಕೈಯಲ್ಲಿ. ಕಿಂಡಿಯನ್ನು ಬೇಗ ತೆರೆದು ಉರಿ ಏರಿಸಿದರೆ ಎಲೆ ಹಸಿರಾಗಿಯೇ ಒಣಗಿಬಿಡುತ್ತದೆ. ತಡಮಾಡಿದರೆ ತೇವ ಹೋಗದೆ ಕಂದು ಮಚ್ಚೆ ಬೀಳುತ್ತದೆ. ಎರಡರಲ್ಲೂ ಹರಾಜಿನ ದರ ಬಿತ್ತು. ರಾತ್ರಿ ಎದ್ದು ಹೋಗಿ ಥರ್ಮಾಮೀಟರ್ ನೋಡಿ ಒಂದು ಕೊರಡು ಸೌದೆ ಒಳಕ್ಕೆ ತಳ್ಳುವ ರೈತ ಮಾಡುವುದು ಹಂತ ಹಂತದ ಗೆರೆಯ ಕೆಲಸವನ್ನೇ. ಅವನೂ ಒಂದು ಡಿಗ್ರಿ ಆಚೀಚೆ ಆಯಿತೆಂದು ಓಡುವುದಿಲ್ಲ, ಒಲವು ಯಾವ ಕಡೆ ಇದೆ ಎಂದು ನೋಡುತ್ತಾನೆ.

ಹಾಸನದಲ್ಲಿ ಶಾಖ ಆಳುವ ಈ ವಿದ್ಯೆಯ ಇನ್ನೊಂದು ತುದಿಯೂ ಇದೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜು ಇರುವ ಸಾಲಗಾಮೆ ರಸ್ತೆಯಲ್ಲೇ ಇಸ್ರೊದ ಎಂಸಿಎಫ್, ಅಂದರೆ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ, 1982ರಿಂದ ಕೆಲಸ ಮಾಡುತ್ತಿದೆ. ಇಲ್ಲಿಂದ ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಗಾಳಿಯೇ ಇಲ್ಲ, ಫ್ಯಾನು ಇಟ್ಟು ಏನು ಮಾಡುವುದು? ಬಿಸಿಲಿಗೆ ಬಿದ್ದ ಮೈ ಕಾಯುತ್ತದೆ, ನೆರಳಿನ ಮೈ ಹೆಪ್ಪುಗಟ್ಟುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ವಾರಗಳಲ್ಲಿ ದಿನಕ್ಕೊಮ್ಮೆ ಭೂಮಿಯ ನೆರಳೊಳಗೆ ಹೊಕ್ಕು, ಹೆಚ್ಚೆಂದರೆ 72 ನಿಮಿಷ ಕತ್ತಲಲ್ಲಿ ಕಳೆದು ಹೊರಬರುತ್ತವೆ. ಆಗ ಬ್ಯಾಟರಿಯನ್ನು ತಣಿಸುವುದಲ್ಲ, ಬೆಚ್ಚಗಿಡುವುದೇ ಕೆಲಸ. ಶಾಖ ಸಾಗಿಸಲು ಅಲ್ಲಿರುವುದು ಶಾಖಕೊಳವೆ. ಮುಚ್ಚಿದ ಕೊಳವೆಯೊಳಗಿನ ದ್ರವ ಬಿಸಿ ತುದಿಯಲ್ಲಿ ಆವಿಯಾಗಿ, ತಂಪು ತುದಿಯಲ್ಲಿ ಮತ್ತೆ ದ್ರವವಾಗಿ ಒಳಗೋಡೆಯ ಬತ್ತಿಯಂಥ ಪದರದ ಮೂಲಕ ಮರಳುತ್ತದೆ. 1963ರಲ್ಲಿ ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ ಜಾರ್ಜ್ ಗ್ರೋವರ್ ಇದನ್ನು ರೂಪಿಸಿದಾಗ ಮನಸ್ಸಿನಲ್ಲಿದ್ದದ್ದು ಬಾಹ್ಯಾಕಾಶವೇ. ಉಪಗ್ರಹದ ಕೊಳವೆಯಲ್ಲಿ ಸಾಮಾನ್ಯವಾಗಿ ಅಮೋನಿಯಾ, ನಿಮ್ಮ ಸ್ಟೀಮ್ ಡೆಕ್‌ನ ಚಪ್ಪಟೆ ತಾಮ್ರದ ಕೊಳವೆಯಲ್ಲಿ ಚೂರು ನೀರು. ಕೊನೆಯಲ್ಲಿ ಉಪಗ್ರಹ ಕನ್ನಡಿಯಂಥ ಫಲಕದಿಂದ ಶಾಖವನ್ನು ಶೂನ್ಯಕ್ಕೆ ಸೂಸುತ್ತದೆ, ಡೆಕ್ ಫ್ಯಾನಿಗೆ ಒಪ್ಪಿಸುತ್ತದೆ. ಗಾಳಿ ಇಲ್ಲದವರು ಮೊದಲೇ ವ್ಯಾಟಿನ ಲೆಕ್ಕ ಹಾಕಿ ಅಷ್ಟರೊಳಗೇ ಬಾಳುತ್ತಾರೆ. ಗಾಳಿ ಇರುವ ನಾವು ಲೆಕ್ಕ ತಪ್ಪಿದ ಮೇಲೆ ಫ್ಯಾನು ಜೋರು ಮಾಡುತ್ತೇವೆ.

ಊರಿನ ಹವೆಯ ವಿಚಾರ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಮೇಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ತೆಳು. ಅದೇ ಫ್ಯಾನು ಅಷ್ಟೇ ಸುತ್ತು ಹಾಕಿದರೂ ಹೊತ್ತೊಯ್ಯುವ ಶಾಖ ಅಷ್ಟು ಕಡಿಮೆ. ಆದರೆ ಶಿರಾಡಿ ಘಾಟಿ ಹತ್ತಿ ಬಂದವರಿಗೆ ಗೊತ್ತಿರುವಂತೆ ಇಲ್ಲಿನ ಸಂಜೆ ತಂಪು, ಆ ತಂಪು ತೆಳುಗಾಳಿಯ ನಷ್ಟವನ್ನು ತುಂಬಿ ಮಿಗಿಸುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಕೂತರೆ ಮಾತ್ರ ಆ ಮಾತಿಲ್ಲ. ನಿಜವಾದ ಶತ್ರು ದೂಳು. ಚನ್ನರಾಯಪಟ್ಟಣದ ಕಡೆ ಸುಗ್ಗಿಯಲ್ಲಿ ರಾಗಿ ತೆನೆಯನ್ನು ಟಾರು ರಸ್ತೆಗೇ ಹರಡಿ ವಾಹನಗಳಿಂದ ತುಳಿಸುತ್ತಾರಲ್ಲ, ಆಗ ಏಳುವ ನವುರು ಹೊಟ್ಟು, ತೆಂಗಿನ ಸಿಪ್ಪೆಯ ಪುಡಿ, ಇವು ರೆಕ್ಕೆಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ನೆಲೆಸಿದರೆ ತೆಗೆಯುವವರೆಗೂ ಹೋಗುವುದಿಲ್ಲ. ಯಂತ್ರ ಹೊಸದಿದ್ದಾಗ ಒಂದು ಆಟದ ಒಂದೇ ಜಾಗದಲ್ಲಿ ಹದಿನೈದು ನಿಮಿಷ ನಿಂತು ಉಷ್ಣಾಂಶವನ್ನೂ ಫ್ಯಾನಿನ ಸುತ್ತನ್ನೂ ಬರೆದಿಟ್ಟುಕೊಳ್ಳಿ. ಮುಂದೊಮ್ಮೆ ಅದೇ ಜಾಗದಲ್ಲಿ ಅಷ್ಟೇ ಸುತ್ತಿಗೆ ಎಂಟು ಡಿಗ್ರಿ ಹೆಚ್ಚು ತೋರಿಸಿದರೆ ಮೊದಲು ಅನುಮಾನಿಸಬೇಕಾದದ್ದು ದೂಳನ್ನು, ಆಮೇಲೆ ಒಣಗಿದ ಪೇಸ್ಟನ್ನು. ರಿಪೇರಿ ಅಂಗಡಿಯಲ್ಲಿ ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದು ಹಿಡಿಯಲು ಹೇಳಿ. ಬಿಟ್ಟರೆ ಮಿತಿಮೀರಿ ತಿರುಗಿ ಬೇರಿಂಗ್ ಕೆಡುತ್ತದೆ.

ಮೊಬೈಲ್ ಹಿಂದೆ ಕಚ್ಚಿಸುವ ಕೂಲರ್‌ಗಳನ್ನೂ ಈ ಯಂತ್ರಗಳಿಗೆ ಅಂಟಿಸಿಕೊಳ್ಳುವವರಿದ್ದಾರೆ. ಅವುಗಳಲ್ಲಿ ಪೆಲ್ಟಿಯರ್ ಬಗೆಯವು ಫಲಕವನ್ನು ಕೋಣೆಗಿಂತ ತಣ್ಣಗೆ ಮಾಡುತ್ತವೆ. ಹೇಮಾವತಿ ನಾಲೆಯ ಬದಿಯ ಊರುಗಳಲ್ಲಿ, ಮಳೆಗಾಲದಲ್ಲಿ, ತಣ್ಣಗಾದ ಮೇಲ್ಮೈಗೆ ನೀರಹನಿ ಕೂರದೇ ಇರುತ್ತದೆಯೇ? ನಾನಂತೂ ಶಿಫಾರಸು ಮಾಡಲಾರೆ.

ಚಿಪ್ಪಿನ ಉಷ್ಣಾಂಶವನ್ನಷ್ಟೇ ನೋಡಿ ಗೆರೆ ಎಳೆಯುವವರು ಮರೆಯುವ ಎರಡು ಸಂಗತಿಗಳಿವೆ. ಒಂದು ಬ್ಯಾಟರಿ. ಚಿಪ್ಪಿಗೆ 80 ಡಿಗ್ರಿ ಏನೂ ಅಲ್ಲ, ಲಿಥಿಯಂ ಬ್ಯಾಟರಿಗೆ 45 ಕೂಡ ಭಾರ. ಚಾರ್ಜಿಗೆ ಹಾಕಿಕೊಂಡೇ ಆಡುವಾಗ ಎರಡೂ ಕಡೆಯ ಶಾಖ ಅದರ ಮೇಲೆ ಬೀಳುತ್ತದೆ. ಇನ್ನೊಂದು ಅಂಗೈ. ಅದಕ್ಕೂ 45ರ ಹತ್ತಿರ ನೋವು ಶುರು. ಇವೆರಡಕ್ಕೂ ಫ್ಯಾನಿನ ಗೆರೆಯಲ್ಲಿ ಜಾಗವೇ ಇರುವುದಿಲ್ಲ. ಸದ್ದು ಸಾಕಾಗಿ ಫ್ಯಾನನ್ನು ಪೂರ್ತಿ ನಿಲ್ಲಿಸಿಬಿಡುವವರಿಗೆ ಚಿಪ್ಪು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ ಎಂಬ ಧೈರ್ಯ. ಕಾಪಾಡಿಕೊಳ್ಳುತ್ತದೆ, ವೇಗ ತಗ್ಗಿಸಿಕೊಂಡು. ಆಗ ಓವರ್‌ಕ್ಲಾಕ್ ಮಾಡಿದ್ದಕ್ಕೆ ಅರ್ಥವೂ ಇಲ್ಲ, ಪಕ್ಕದ ಬ್ಯಾಟರಿಗೆ ರಕ್ಷಣೆಯೂ ಇಲ್ಲ.

ಹಾಗಾದರೆ ಕೇಳಿದ ಹುಡುಗನಿಗೆ ಏನು ಹೇಳುವುದು? ಮೊದಲು ಆಟದ ಫ್ರೇಮುಗಳನ್ನು ಸೆಕೆಂಡಿಗೆ 40ಕ್ಕೆ ಕಟ್ಟು. ಡೆಕ್‌ನಲ್ಲಿ ಪರದೆ ಚಿತ್ರ ಬದಲಿಸುವ ವೇಗವನ್ನೂ 40ಕ್ಕೆ ಇಳಿಸಬಹುದು, 30ಕ್ಕಿಂತ ಎಷ್ಟೋ ನಯ, 60ಕ್ಕಿಂತ ಎಷ್ಟೋ ತಂಪು. ವ್ಯಾಟಿನ ಮಿತಿಯನ್ನು ಒಂದೊಂದೇ ಇಳಿಸುತ್ತ ಹೋಗು, ಆಟ ಎಲ್ಲಿ ತಡವರಿಸುತ್ತದೋ ಅದಕ್ಕಿಂತ ಒಂದು ಮೇಲೆ ನಿಲ್ಲಿಸು. ಇನ್ನೂ ವೇಗ ಬೇಕೇ ಬೇಕೆಂದರೆ ವೋಲ್ಟೇಜು ಮುಟ್ಟದೆ ಎಷ್ಟು ಸಿಗುತ್ತದೋ ಅಷ್ಟು ಸಾಕು ಮಾಡಿಕೊ. ಕೊನೆಗೆ ಫ್ಯಾನು: 50ರ ಕೆಳಗೆ ಮೆಲ್ಲಗೆ, 75ರವರೆಗೆ ಓರೆಯಾಗಿ, 85ರ ಹೊತ್ತಿಗೆ ಪೂರ್ತಿ, ಇಳಿಯುವಾಗ ಐದಾರು ಡಿಗ್ರಿ ತಡವಾಗಿ. ಹಾಸಿಗೆಯ ಮೇಲೆ, ರಗ್ಗಿನ ಮೇಲೆ ಇಟ್ಟು ಕಿಂಡಿ ಮುಚ್ಚಿದರೆ ಈ ಲೆಕ್ಕ ಯಾವುದೂ ನಿಲ್ಲುವುದಿಲ್ಲ.

ಕಂಪನಿಗಳೂ ಈಗ ಬೇರೆ ದಿಕ್ಕು ನೋಡುತ್ತಿವೆ. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಯಂತ್ರದೊಳಗೆ ಫ್ಯಾನಿದ್ದೂ ಡಾಕ್‌ಗೇ ಒಂದು ಫ್ಯಾನು ಇಟ್ಟಿದ್ದಾರೆ. ಹೆಚ್ಚಿನ ವೇಗ ಬೇಕಾದದ್ದು ಟಿವಿಗೆ ಜೋಡಿಸಿದಾಗ. ಆಗ ಯಂತ್ರ ಕೈಯಲ್ಲಿ ಇರುವುದಿಲ್ಲ, ಮುಖದಿಂದಲೂ ಆರೇಳು ಅಡಿ ದೂರ. ಸದ್ದು ಮಾಡುವ ಫ್ಯಾನಿಗೆ ಅಲ್ಲಿ ಜಾಗವೂ ಇದೆ, ವಿದ್ಯುತ್ತು ಗೋಡೆಯಿಂದ ಬರುತ್ತದೆ, ಬ್ಯಾಟರಿಯಿಂದ ಅಲ್ಲ.